ಹಳೆ ಕ್ಯಾನೊನೆಟ್ ಮೀಟರ್ ಸರಿ ಮಾಡಿ, ಅದರಲ್ಲೇ ಕಪ್ಪುಬಿಳುಪು ರೋಲ್ ತೆಗೆದದ್ದು

ಕ್ಯಾಮೆರಾ: ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3. 1972ರಲ್ಲಿ ಬಂದ ಮಾಡೆಲ್. 40 ಮಿ.ಮೀ. ಎಫ್ 1.7 ಲೆನ್ಸ್, ಶಟರ್ 1/4ರಿಂದ 1/500 ಸೆಕೆಂಡ್. ಶಟರ್ ಸ್ಪೀಡ್ ನಾವು ಇಡಬೇಕು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ; ಎಫ್ ಅಂಕೆ ದೊಡ್ಡದಾದಷ್ಟೂ ಕಿಂಡಿ ಕಿರಿದು) ಅದೇ ಆರಿಸಿಕೊಳ್ಳುತ್ತದೆ.

ಫಿಲ್ಮ್: ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ (125), ಎಚ್‌ಪಿ5 ಪ್ಲಸ್ (400). ಆವರಣದಲ್ಲಿರುವುದು ಎಎಸ್‌ಎ, ಅಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕೆ.

ರಿಪೇರಿ ನಡೆದದ್ದು ಹಾಸನದ ನಮ್ಮ ಮನೆ ಟೇಬಲ್ ಮೇಲೆ. ಪರೀಕ್ಷೆ ನಡೆದದ್ದು ಶೆಟ್ಟಿಹಳ್ಳಿ, ಹಳೇಬೀಡು, ಚಿಕ್ಕಮಗಳೂರಿನ ಹತ್ತಿರ ಸೋದರಮಾವನ ಕಾಫಿ ತೋಟದಲ್ಲಿ. ಬೇರೆ ಲೈಟ್ ಮೀಟರ್ ಕೊಳ್ಳದೆ, ಫೋನ್ ತೆಗೆದು ನೋಡದೆ, ಕ್ಯಾಮೆರಾದ ಒಳಗೇ ಇರುವ ಮೀಟರ್ ನಂಬಿ ರೋಲ್ ಮುಗಿಸುವ ಹಾಗೆ ಆಗಬೇಕು ಅನ್ನೋದು ನನ್ನ ಆಸೆಯಾಗಿತ್ತು. ಬಹುಪಾಲು ಆಗಿದೆ. ಒಂದು ಕೆಲಸ ಬಾಕಿ ಇದೆ, ಅದು ಕೊನೆಯಲ್ಲಿ.

ಹಂತ 1: ಬ್ಯಾಟರಿ ಗೂಡು

ಕೈಗೆ ಬಂದಾಗ ಮೀಟರ್ ಮುಳ್ಳು ಅಲ್ಲಾಡುತ್ತಿರಲಿಲ್ಲ. ಹಿಂದಿನ ಬ್ಯಾಟರಿ ಚೆಕ್ ಗುಂಡಿ ಒತ್ತಿದರೆ ಸಣ್ಣ ದೀಪ ಹತ್ತಬೇಕು, ಅದೂ ಇಲ್ಲ. ತಳದ ಮುಚ್ಚಳ ನಾಣ್ಯದಿಂದ ತಿರುಗಿಸಿ ನೋಡಿದರೆ ಒಳಗೆ ಹಸಿರು ಪುಡಿ ಕಟ್ಟಿತ್ತು. ಎಂದೋ ಹಾಕಿದ್ದ ಬ್ಯಾಟರಿ ಸೋರಿ ಒಣಗಿದ್ದು.

ಇಯರ್‌ಬಡ್‌ಗೆ ಅಡುಗೆಮನೆ ವಿನೆಗರ್ ಒಂದೆರಡು ಹನಿ ಹಾಕಿ ಉಜ್ಜಿದೆ, ನೊರೆ ಬಂತು, ಪುಡಿ ಸಡಿಲವಾಯಿತು. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಲು ಬಿಟ್ಟೆ. ವಿನೆಗರ್ ಸುರಿಯಬೇಡಿ, ಬಡ್ ಒದ್ದೆಯಾಗುವಷ್ಟು ಸಾಕು. ಒಳಗೆ ಇಳಿದರೆ ಆಮೇಲೆ ಅದೇ ಬೇರೆ ಕಡೆ ತುಕ್ಕು ಹಿಡಿಸುತ್ತದೆ.

ಕಾಂಟ್ಯಾಕ್ಟ್ ಹೊಳೆಯಿತು, ಆದರೂ ಮುಳ್ಳು ಏಳಲಿಲ್ಲ. ತಳದ ತಗಡು ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಗೂಡಿನಿಂದ ಮೇಲೆ ಹೋಗುವ ವೈರ್ ಹೊರಗಿಂದ ಚೆನ್ನಾಗೇ ಕಾಣುತ್ತಿತ್ತು, ಪ್ಲಾಸ್ಟಿಕ್ ಸುಲಿದರೆ ಒಳಗಿನ ತಾಮ್ರ ಕಪ್ಪಾಗಿ ಪುಡಿಪುಡಿ. ಸೋರಿದ್ದು ವೈರ್ ಒಳಗೂ ಹರಡುತ್ತದೆ, ಇಂಥ ಹಳೆ ಕ್ಯಾಮೆರಾ ಕೊಂಡವರು ಇದನ್ನು ಮೊದಲು ನೋಡಬೇಕು. ಆ ತುಂಡು ಕತ್ತರಿಸಿ ತೆಳು ವೈರ್ ಬೆಸೆದೆ. ಸೋಲ್ಡರ್ ಬೇಗ ಹಿಡಿಯಬೇಕು, ಬಿಸಿ ಜಾಸ್ತಿ ಹೊತ್ತು ಕೊಟ್ಟರೆ ಗೂಡಿನ ಪ್ಲಾಸ್ಟಿಕ್ ಕರಗುತ್ತದೆ. ಬ್ಯಾಟರಿ ಇಟ್ಟೆ, ಗುಂಡಿ ಒತ್ತಿದೆ, ದೀಪ ಹತ್ತಿತು.

ಹಂತ 2: ಯಾವ ಬ್ಯಾಟರಿ

ಇಲ್ಲೇ ಒಂದು ಪೂರ್ತಿ ರೋಲ್ ಹೋಯಿತು. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಈ ಕ್ಯಾಮೆರಾ ಮಾಡಿದ್ದು ಪಿಎಕ್ಸ್625 ಅನ್ನುವ ಪಾದರಸದ ಬ್ಯಾಟರಿಗೆ. ಅದು 1.35 ವೋಲ್ಟ್, ಮುಗಿಯುವ ತನಕ ಹೆಚ್ಚುಕಮ್ಮಿ ಅಷ್ಟೇ ಕೊಡುತ್ತಿತ್ತು. ಪಾದರಸ ವಿಷ ಅಂತ ಈಗ ಅದು ಬರುವುದಿಲ್ಲ. ಅದೇ ಅಳತೆಯ ಆಲ್ಕಲೈನ್ ಸಿಗುತ್ತದೆ, ಆದರೆ ಅದು ಹೊಸದಿದ್ದಾಗ 1.5 ವೋಲ್ಟ್, ಆಮೇಲೆ ಬಳಸಿದ ಹಾಗೆ ಇಳಿಯುತ್ತಾ ಹೋಗುತ್ತದೆ. 0.15 ವೋಲ್ಟ್ ತಾನೇ ಅನಿಸುತ್ತದೆ, ಅಲ್ವಾ? ವೋಲ್ಟ್ ಜಾಸ್ತಿಯಾದರೆ ಮುಳ್ಳು ಜಾಸ್ತಿ ಏಳುತ್ತದೆ, ಬೆಳಕು ಜಾಸ್ತಿ ಇದೆ ಅಂದುಕೊಂಡು ಕ್ಯಾಮೆರಾ ಅಪರ್ಚರ್ ಕಿರಿದು ಮಾಡುತ್ತದೆ. ಆಲ್ಕಲೈನ್ ಹಾಕಿ ತೆಗೆದ ಎಚ್‌ಪಿ5 ರೋಲ್ ತೊಳೆದು ನೋಡಿದರೆ ನೆಗೆಟಿವ್ ತೆಳ್ಳಗೆ, ನೆರಳಿದ್ದ ಕಡೆಯೆಲ್ಲ ಬರೀ ಪಾರದರ್ಶಕ. ಅಲ್ಲಿ ಏನೂ ದಾಖಲಾಗಿಲ್ಲ, ಸ್ಕ್ಯಾನ್ ಮಾಡುವಾಗ ಎಷ್ಟು ಎತ್ತಿದರೂ ಬರುವುದಿಲ್ಲ.

ಎಎಸ್‌ಎ ಡಯಲ್ 400ರ ಬದಲು 200ಕ್ಕೆ ಇಟ್ಟರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನೂ ನೋಡಿದೆ, ಆಗಲಿಲ್ಲ. ಯಾಕೆ ಅಂತ ಹಂತ 3ರಲ್ಲಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಕಿವಿಯ ಮೆಷಿನ್‌ಗೆ ಹಾಕುವ 675 ನಂಬರಿನ ಬ್ಯಾಟರಿ. ಗಾಳಿ ತಾಗಿದ ಮೇಲೆ ಕೆಲಸ ಶುರುಮಾಡುವ ಜಿಂಕ್-ಏರ್ ಜಾತಿ. ನನ್ನ ಮಲ್ಟಿಮೀಟರ್‌ನಲ್ಲಿ 1.40 ತೋರಿಸಿತು, ಮುಗಿಯುವ ತನಕ ಹೆಚ್ಚು ಇಳಿಯುವುದಿಲ್ಲ. ಅಳತೆ ಮಾತ್ರ ಚಿಕ್ಕದು: ಅಡ್ಡಗಲ 11.6 ಮಿ.ಮೀ., ದಪ್ಪ 5.4. ಹಳೆಯದು 15.6 ಅಗಲ, 6 ದಪ್ಪ. ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಹಾಕುವ ರಬ್ಬರ್ ರಿಂಗ್ ತಂದೆ, 2 ಮಿ.ಮೀ. ದಪ್ಪದ್ದು, ಬ್ಯಾಟರಿ ಸುತ್ತ ಸರಿಯಾಗಿ ಕೂತಿತು. ಎತ್ತರ ಕಮ್ಮಿ ಬಿದ್ದದ್ದಕ್ಕೆ ಅಲ್ಯೂಮಿನಿಯಂ ಫಾಯಿಲ್ ಮಡಚಿ, ಮುಚ್ಚಳದ ಕಡೆ ಒಂದು ಬಿಲ್ಲೆ ಇಟ್ಟೆ. ಫಾಯಿಲ್ ಬ್ಯಾಟರಿಯ ಎರಡು ಬದಿಗೂ ತಾಗದ ಹಾಗೆ ಚಿಕ್ಕದಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಶಾರ್ಟ್.

ಸ್ಟಿಕ್ಕರ್ ಕಿತ್ತ ಕೂಡಲೇ ಹಾಕಬೇಡಿ. ಐದು ನಿಮಿಷ ಗಾಳಿಗಿಟ್ಟರೆ ಪೂರ್ತಿ ವೋಲ್ಟ್ ಬರುತ್ತದೆ.

ಹಂತ 3: ಗೋಡೆ ಪರೀಕ್ಷೆ

ಮುಳ್ಳು ಏಳುತ್ತದೆ ಅಂದ ಮಾತ್ರಕ್ಕೆ ಸರಿಯಾದ ಜಾಗಕ್ಕೆ ಏಳುತ್ತದೆ ಅಂತಲ್ಲ. ನಮ್ಮ ಮನೆಯ ಹಿಂಬದಿ ಬಣ್ಣ ಹೊಡೆಯದ ಸಿಮೆಂಟ್ ಗೋಡೆ ಇದೆ. ಒಂದು ಡಿಜಿಟಲ್ ಕ್ಯಾಮೆರಾ, ಒಂದು ಕ್ಯಾನೊನೆಟ್, ಎರಡಕ್ಕೂ 400, ಎರಡಕ್ಕೂ 1/125. ಚೌಕಟ್ಟಿನ ತುಂಬ ಗೋಡೆ ಮಾತ್ರ ಬರುವ ಹಾಗೆ ಹತ್ತಿರ ನಿಂತು, ಎರಡೂ ಏನು ಹೇಳುತ್ತವೆ ಅಂತ ಬರೆದುಕೊಂಡೆ. ಬಿಸಿಲಿರುವಾಗ 1/500ಕ್ಕೆ ಬದಲಿಸಿದೆ, ಇಲ್ಲದಿದ್ದರೆ ಮುಳ್ಳು ಅಳತೆ ದಾಟುತ್ತದೆ.

ಆಲ್ಕಲೈನ್ ಇದ್ದಾಗ: ಬಿಸಿಲಿನ ಗೋಡೆಗೆ ಕ್ಯಾನೊನೆಟ್ ಒಂದೂವರೆ ಸ್ಟಾಪ್ ಜಾಸ್ತಿ ಬೆಳಕು ತೋರಿಸಿತು (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧದಷ್ಟು). ನೆರಳಿನ ಗೋಡೆಗೆ ಒಂದು ಸ್ಟಾಪ್. ಕೋಣೆಯೊಳಗೆ ಅರ್ಧಕ್ಕಿಂತ ಕಮ್ಮಿ.

675 ಇದ್ದಾಗ: ಬಿಸಿಲಿಗೆ ಸರಿ. ನೆರಳಿಗೆ ಸರಿ. ಕೋಣೆಯೊಳಗೆ ಅರ್ಧ ಸ್ಟಾಪ್ ಬೆಳಕು ಕಮ್ಮಿ ತೋರಿಸುತ್ತದೆ.

ಎಎಸ್‌ಎ ಡಯಲ್ ತಿರುಗಿಸಿ ಯಾಕೆ ಸರಿಮಾಡಲಾಗಲಿಲ್ಲ ಅಂತ ಇಲ್ಲಿ ಗೊತ್ತಾಯಿತು. ಬೆಳಕು ಹೆಚ್ಚಾದಷ್ಟೂ ತಪ್ಪು ಹೆಚ್ಚುತ್ತದೆ. ಬಿಸಿಲಿಗೆ ಹೊಂದಿಸಿದರೆ ಕೋಣೆಯಲ್ಲಿ ಕೆಡುತ್ತದೆ, ಅದರ ಮೇಲೆ ಬ್ಯಾಟರಿ ಹಳತಾದ ಹಾಗೆ ಎಲ್ಲ ಲೆಕ್ಕವೂ ಬದಲಾಗುತ್ತದೆ. ಕೋಣೆಯೊಳಗಿನ ಅರ್ಧ ಸ್ಟಾಪ್ ನಾನು ಹಾಗೇ ಬಿಟ್ಟಿದ್ದೇನೆ. ಬೆಳಕು ಕಮ್ಮಿ ಅಂದುಕೊಂಡು ಕ್ಯಾಮೆರಾ ಸ್ವಲ್ಪ ಜಾಸ್ತಿ ಬೆಳಕು ಬಿಡುತ್ತದೆ, ಕಪ್ಪುಬಿಳುಪು ನೆಗೆಟಿವ್ ಅಷ್ಟನ್ನು ಸುಲಭವಾಗಿ ತಡೆದುಕೊಳ್ಳುತ್ತದೆ.

ಇನ್ನೊಂದು ವಿಷಯ. ಈ ಮೀಟರಿನ ಕಣ್ಣು ಕ್ಯಾಡ್ಮಿಯಂ ಸಲ್ಫೈಡ್ ಸೆಲ್. ಬಿಸಿಲು ನೋಡಿ ತಕ್ಷಣ ಒಳಗೆ ಬಂದರೆ ಮುಳ್ಳು ನಿಧಾನವಾಗಿ ಇಳಿಯುತ್ತದೆ. ಅರ್ಧ ನಿಮಿಷ ಕಾಯಿರಿ. ಕೆಲಸ ಮುಗಿದ ಮೇಲೆ ಅಪರ್ಚರ್ ರಿಂಗ್ ಅನ್ನು 'ಎ'ಯಿಂದ (ಅಪರ್ಚರ್ ಕ್ಯಾಮೆರಾವೇ ಆರಿಸುವ ಗುರುತು) ತಿರುಗಿಸಿಡಿ, ಇಲ್ಲದಿದ್ದರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ.

ಹಂತ 4: ಮೀಟರ್ ನೋಡುವುದು ಎಲ್ಲಿ

ಇಂಥ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ, ಮೀಟರ್ ಕಣ್ಣು ಬೇರೆ. ಮಧ್ಯದ ಹಳದಿ ಚೌಕ ಫೋಕಸ್‌ಗೆ ಮಾತ್ರ. ಅದನ್ನು ಮುಖದ ಮೇಲಿಟ್ಟರೆ ಮುಖದ ಬೆಳಕು ಅಳೆಯುತ್ತದೆ ಅಂತ ತಿಳಿಯುವವರು ತುಂಬ ಜನ. ಕತ್ತಲೆ ಕೋಣೆಯಲ್ಲಿ ಒಂದು ಬಲ್ಬ್ ಹಚ್ಚಿ, ದೂರ ಕೂತು, ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗಿಸುತ್ತಾ ಮುಳ್ಳು ನೋಡಿದೆ. ಬಲ್ಬ್ ಚೌಕಟ್ಟಿನ ಅಂಚಿಗೆ ಬಂದರೂ ಮುಳ್ಳು ಪೂರ್ತಿ ಬೀಳಲಿಲ್ಲ. ಅಂದರೆ ಇದು ಇಡೀ ದೃಶ್ಯವನ್ನು ಸೇರಿಸಿ ಒಂದು ಸರಾಸರಿ ಹೇಳುತ್ತದೆ. ಬೆಳಕು ಅಳೆಯಬೇಕಾದ ವಸ್ತುವಿನ ಹತ್ತಿರ ನಾವೇ ನಡೆದು ಹೋಗಬೇಕು.

ಶೆಟ್ಟಿಹಳ್ಳಿಯಲ್ಲಿ ಇದು ಸ್ಪಷ್ಟವಾಯಿತು. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಆ ಹಳೆ ಚರ್ಚಿಗೆ ಚಾವಣಿ ಇಲ್ಲ, ಕಮಾನಿನ ಹಿಂದೆಲ್ಲ ಆಕಾಶ. ಮೋಡದ ದಿನ, ಆಕಾಶ ಬೆಳ್ಳಗೆ. ದೂರದಿಂದ ಅಳೆದರೆ ಎಫ್ 11, ಕಂಬದ ಹತ್ತಿರ ಹೋಗಿ ಇಟ್ಟಿಗೆ ಮಾತ್ರ ತುಂಬುವ ಹಾಗೆ ಅಳೆದರೆ ಎಫ್ 4. ಮೂರು ಸ್ಟಾಪ್ ವ್ಯತ್ಯಾಸ. ಎರಡೂ ತೆಗೆದೆ. ಮೊದಲನೆಯದರಲ್ಲಿ ಗೋಡೆ ಬರೀ ಕಪ್ಪು ಆಕಾರ, ಎರಡನೆಯದರಲ್ಲಿ ಗಾರೆ ಕಿತ್ತುಹೋದ ಗುರುತು, ಇಟ್ಟಿಗೆಯ ಸಾಲು, ಬಿರುಕಿನಲ್ಲಿ ಬೆಳೆದ ಗಿಡ ಎಲ್ಲ ಇದೆ, ಆಕಾಶ ಮಾತ್ರ ಪೂರ್ತಿ ಬಿಳಿ. ನನಗೆ ಎರಡನೆಯದು ಇಷ್ಟ. ಹತ್ತಿರ ಹೋಗಲಾಗದಿದ್ದರೆ ಕ್ಯಾಮೆರಾ ಕೆಳಗೆ ಬಾಗಿಸಿ ಆಕಾಶ ತಪ್ಪಿಸಿ, ಶಟರ್ ಗುಂಡಿ ಅರ್ಧ ಒತ್ತಿ ಹಿಡಿಯಿರಿ. ಮುಳ್ಳು ಕಚ್ಚಿಕೊಂಡು ನಿಲ್ಲುತ್ತದೆ. ಹಾಗೇ ಹಿಡಿದುಕೊಂಡು ಮೇಲೆತ್ತಿ ಪೂರ್ತಿ ಒತ್ತಿ.

ಹಂತ 5: ಕಾಫಿ ಕಣ

ಮೀಟರ್ ಬಗ್ಗೆ ಎಷ್ಟು ಓದಿದರೂ ತಲೆಗೆ ಹೋಗದ್ದು ಮಾವನ ಕಣದಲ್ಲಿ ಒಂದು ಬೆಳಗ್ಗೆ ಹೋಯಿತು.

ಕುಯ್ಲಿನ ಕಾಲ. ಸಿಮೆಂಟ್ ಕಣದ ಒಂದು ಕಡೆ ಅರೇಬಿಕಾ ಪಾರ್ಚ್‌ಮೆಂಟ್ ಹರಡಿದ್ದರು, ಪಲ್ಪರ್‌ಗೆ ಹಾಕಿ ತೊಳೆದ ಬೀಜ, ತಿಳಿ ಹಳದಿ, ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಪಕ್ಕದಲ್ಲೇ ರೊಬಸ್ಟಾ ಚೆರಿ, ಸಿಪ್ಪೆ ಸಮೇತ ಒಣಗಿ ಹೆಚ್ಚುಕಮ್ಮಿ ಕಪ್ಪು. ಎರಡರ ಮೇಲೂ ಅದೇ ಬಿಸಿಲು, ಮೋಡ ಇಲ್ಲ. ಎಫ್‌ಪಿ4, 125, ಶಟರ್ 1/250.

ಪಾರ್ಚ್‌ಮೆಂಟ್ ಮಾತ್ರ ತುಂಬಿಸಿ ನೋಡಿದೆ: ಎಫ್ 16.
ಚೆರಿ ಮಾತ್ರ ತುಂಬಿಸಿದೆ: ಎಫ್ 5.6.
ಬೂದು ಕಾರ್ಡ್ (ಬೆಳಕು ಅಳೆಯಲೆಂದೇ ಮಾಡಿದ ನಡು ಬೂದು ಬಣ್ಣದ ಕಾರ್ಡ್) ಬಿಸಿಲಿಗೆ ಹಿಡಿದು ನೋಡಿದೆ: ಎಫ್ 11.

ಬಿಸಿಲು ಒಂದೇ, ಉತ್ತರ ಮೂರು. ಮೀಟರ್‌ಗೆ ಕಾಫಿ ಗೊತ್ತಿಲ್ಲ, ತನ್ನ ಮುಂದೆ ಏನಿದ್ದರೂ ನಡು ಬೂದು ಅಂತಲೇ ತಿಳಿಯುತ್ತದೆ. ಬಿಳಿ ಕಂಡರೆ ಬೆಳಕು ಕಮ್ಮಿ ಮಾಡಿ ಬೂದು ಮಾಡುತ್ತದೆ, ಕಪ್ಪು ಕಂಡರೆ ಬೆಳಕು ಜಾಸ್ತಿ ಬಿಟ್ಟು ಅದನ್ನೂ ಬೂದು ಮಾಡುತ್ತದೆ. ಮೂರು ಅಪರ್ಚರ್‌ನಲ್ಲೂ ಎರಡು ರಾಶಿ ಒಟ್ಟಿಗೆ ಬರುವ ಹಾಗೆ ತೆಗೆದೆ. ಎಫ್ 11ರಲ್ಲಿ ಮಾತ್ರ ಪಾರ್ಚ್‌ಮೆಂಟ್ ಬೆಳ್ಳಗೆ, ಚೆರಿ ಕಪ್ಪಗೆ, ಕಣದಲ್ಲಿ ಕಂಡ ಹಾಗೇ ಬಂದಿದೆ. ಎಫ್ 16ರಲ್ಲಿ ಚೆರಿ ರಾಶಿ ಒಂದು ಕಪ್ಪು ಮುದ್ದೆ, ಕಾಯಿ ಕಾಯಿ ಬಿಡಿಸಿ ಕಾಣುವುದಿಲ್ಲ.

ಮೊದಲ ಸಲ ಚೆರಿ ಅಳೆದಾಗ ಮುಳ್ಳು ಎಫ್ 2.8ರ ಹತ್ತಿರ ಬಂದಿತ್ತು. ಕಾರಣ ಹೊಳೆಯಲಿಲ್ಲ. ಕುಂಟೆ ಎಳೆಯುತ್ತಿದ್ದ ಅಕ್ಕ ಒಬ್ಬರು, "ಅಣ್ಣಾ, ನಿಮ್ಮ ನೆರಳು ಬೀಳ್ತಿದೆ, ಈ ಕಡೆ ಬನ್ನಿ" ಅಂದರು. ಅವರಿಗೆ ಕಾಫಿ ಒಣಗುವ ಚಿಂತೆ. ನನಗೆ ಬೇಕಾಗಿದ್ದದ್ದೂ ಅದೇ ಮಾತು. ಬಗ್ಗಿ ಹತ್ತಿರ ಹೋದಾಗ ನನ್ನ ನೆರಳನ್ನೇ ಅಳೆಯುತ್ತಿದ್ದೆ. ಈಗ ಹತ್ತಿರ ಹೋಗಿ ಅಳೆಯುವಾಗ ಸೂರ್ಯ ಎಲ್ಲಿದ್ದಾನೆ ನೋಡಿ, ಪಕ್ಕದಿಂದ ಹೋಗುತ್ತೇನೆ.

ಬೂದು ಕಾರ್ಡ್ ಎಲ್ಲ ಕಡೆ ಒಯ್ಯಲು ಆಗುವುದಿಲ್ಲ, ಅಂಗೈ ಇದೆ. ನನ್ನ ಅಂಗೈ ಅದೇ ಬಿಸಿಲಿನಲ್ಲಿ ಎಫ್ 11 ಮತ್ತು 16ರ ನಡುವೆ ಸ್ವಲ್ಪ 16ರ ಕಡೆಗೆ ತೋರಿಸಿತು, ಅಂದರೆ ಬೂದಿಗಿಂತ ಮುಕ್ಕಾಲು ಸ್ಟಾಪ್ ಬೆಳ್ಳಗಿದೆ. ಹಾಗಾಗಿ ಅಂಗೈ ಅಳೆದು ಮುಕ್ಕಾಲು ಸ್ಟಾಪ್ ತೆರೆಯುತ್ತೇನೆ. ಪುಸ್ತಕಗಳಲ್ಲಿ ಒಂದು ಸ್ಟಾಪ್ ಅಂತ ಇರುತ್ತದೆ. ನಿಮ್ಮ ಕೈ ಯಾವುದಕ್ಕೆ ಬರುತ್ತದೆ ಅಂತ ಒಮ್ಮೆ ಕಾರ್ಡ್ ಪಕ್ಕ ಹಿಡಿದು ನೀವೇ ನೋಡಿಕೊಳ್ಳಿ. ಅಂಗೈ ಮೇಲೆ ಬೀಳುವ ಬೆಳಕು ವಸ್ತುವಿನ ಮೇಲೆ ಬೀಳುವ ಬೆಳಕೇ ಆಗಿರಬೇಕು, ಇದು ಮುಖ್ಯ.

ಕಣದಲ್ಲೇ ಇನ್ನೊಂದು ತೊಂದರೆ. ಎಚ್‌ಪಿ5 ಹಾಕಿಕೊಂಡು ಮಧ್ಯಾಹ್ನ 1/500ರಲ್ಲಿ ಪಾರ್ಚ್‌ಮೆಂಟ್ ಕಡೆ ಹಿಡಿದರೆ ಮುಳ್ಳು ಕೆಂಪು ಪಟ್ಟಿಗೆ ಹೋಗಿ ಶಟರ್ ಗುಂಡಿ ಒಳಗೇ ಹೋಗುವುದಿಲ್ಲ. ಕೆಟ್ಟಿತು ಅಂತ ಗಾಬರಿಯಾಗಬೇಡಿ. ಎಫ್ 16ಕ್ಕಿಂತ ಕಿರಿದು ಮಾಡಲು ಜಾಗವಿಲ್ಲ, ಅದಕ್ಕೆ ಲಾಕ್ ಆಗಿದೆ. ಬಿಸಿಲಿಗೆ 125ರ ಫಿಲ್ಮ್ ಹಾಕಿ, ಇಲ್ಲವೇ ಹಳದಿ ಫಿಲ್ಟರ್ ಹಾಕಿ.

ಹಂತ 6: ತೋಟದ ಒಳಗೆ

ಸಿಲ್ವರ್ ಓಕ್ ನೆರಳಿನಲ್ಲಿ ಕಾಫಿ ಗಿಡ. ನೆಲ ಕತ್ತಲು, ಎಲೆಗಳ ಮೇಲೆ ಅಲ್ಲಲ್ಲಿ ಬಿಸಿಲ ಚುಕ್ಕೆ. ಸರಾಸರಿ ಮೀಟರ್ ಇಲ್ಲಿ ಏನು ಹೇಳಿದರೂ ನಂಬುವ ಹಾಗಿಲ್ಲ, ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಮುಳ್ಳು ಎರಡು ಸ್ಟಾಪ್ ಓಡಾಡುತ್ತದೆ.

ಇಲ್ಲಿ ನಾನು ನೆರಳನ್ನೇ ಅಳೆಯುತ್ತೇನೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಪದ್ಧತಿಯಲ್ಲಿ ನನಗೆ ಬೇಕಾದಷ್ಟು ಭಾಗ ಇದು: ವಿವರ ಕಾಣಲೇಬೇಕಾದ ಕತ್ತಲು ಜಾಗ ಆರಿಸಿ, ಅಳೆದು, ಎರಡು ಸ್ಟಾಪ್ ಕಿರಿದು ಮಾಡು. ಗಿಡದ ಬುಡದ ತರಗೆಲೆ 1/60ರಲ್ಲಿ ಎಫ್ 2.8 ತೋರಿಸಿತು. 'ಎ'ಯಿಂದ ರಿಂಗ್ ತಿರುಗಿಸಿ ಕೈಯಲ್ಲೇ ಎಫ್ 5.6 ಇಟ್ಟೆ. ಕೈಯಲ್ಲಿ ಇಟ್ಟಾಗ ಈ ಕ್ಯಾಮೆರಾದ ಮೀಟರ್ ಕೆಲಸ ಮಾಡುವುದಿಲ್ಲ, ಅದೇ ಒಳ್ಳೆಯದು, ಆಮೇಲೆ ಗಮನ ಪೂರ್ತಿ ಚೌಕಟ್ಟಿನ ಮೇಲೆ. ಬೆಳಕು ಬದಲಾಗುವ ತನಕ ಮತ್ತೆ ಅಳೆಯಬೇಕಿಲ್ಲ.

ಬಿಸಿಲು ಬಿದ್ದ ಎಲೆ ಎಫ್ 16 ತೋರಿಸುತ್ತಿತ್ತು, ಅಂದರೆ ನಾನಿಟ್ಟದ್ದಕ್ಕಿಂತ ಮೂರು ಸ್ಟಾಪ್ ಮೇಲೆ. ಆ ಭಾಗ ನೆಗೆಟಿವ್‌ನಲ್ಲಿ ತುಂಬ ಗಟ್ಟಿಯಾಗದಿರಲಿ ಅಂತ ಡೆವಲಪ್ ಮಾಡುವ ಹೊತ್ತು ಕಮ್ಮಿ ಮಾಡಿದೆ. ಎಫ್‌ಪಿ4ಗೆ ಐಡಿ-11 ಡೆವಲಪರ್‌ಗೆ ಒಂದಕ್ಕೊಂದು ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ. ಈ ರೋಲಿಗೆ 9 ನಿಮಿಷ ಕೊಟ್ಟೆ. ಹಾಸನದಲ್ಲಿ ಮಧ್ಯಾಹ್ನ ನಲ್ಲಿ ನೀರು 20 ಡಿಗ್ರಿಗೆ ಬರುವುದಿಲ್ಲ, ಬಕೆಟ್‌ನಲ್ಲಿ ಐಸ್ ಹಾಕಿ ಬಾಟಲಿ ಇಳಿಸಿಟ್ಟೆ. ತರಗೆಲೆಯ ನರ ಕಾಣುತ್ತದೆ, ಬಿಸಿಲ ಚುಕ್ಕೆಯೊಳಗೆ ಎಲೆಯ ಹೊಳಪೂ ಉಳಿದಿದೆ. ಈ ರೋಲ್ ನೋಡಿದಾಗ ಆದಷ್ಟು ಖುಷಿ ರಿಪೇರಿ ಮುಗಿದಾಗಲೂ ಆಗಿರಲಿಲ್ಲ.

ಹಂತ 7: ಹಳೇಬೀಡು, ಫಿಲ್ಟರ್

ಹೊಯ್ಸಳೇಶ್ವರ ದೇವಸ್ಥಾನದ ಬಳಪದ ಕಲ್ಲು ಕಪ್ಪು. ಗೋಡೆ ಮಾತ್ರ ತುಂಬಿಸಿ ಅಳೆದರೆ ಚೆರಿಯ ಕಥೆಯೇ, ಕಲ್ಲು ಬೂದಾಗಿ ಬೆಳ್ಳಗಾಗುತ್ತದೆ. ಅಲ್ಲಿ ಅಂಗಳದಲ್ಲಿ ಹುಲ್ಲುಹಾಸು ಇದೆ. ಬಿಸಿಲಿನ ಹಸಿರು ಹುಲ್ಲು ಹೆಚ್ಚುಕಮ್ಮಿ ನಡು ಬೂದು. ಹುಲ್ಲು ಅಳೆದು, ಅದನ್ನೇ ಕೈಯಲ್ಲಿ ಇಟ್ಟು ಗೋಡೆ ತೆಗೆದೆ. ಕೆಳಗಿನ ಆನೆ ಸಾಲಿನಲ್ಲಿ ಕಾಲುಗಳ ನಡುವಿನ ಕತ್ತಲು ಕತ್ತಲಾಗೇ ಉಳಿಯಿತು, ಬೆನ್ನ ಮೇಲಿನ ಸರಪಳಿ ಎದ್ದು ಕಂಡಿತು.

ಫಿಲ್ಟರ್ ಅಳತೆ 48 ಮಿ.ಮೀ., ಸುಲಭವಾಗಿ ಸಿಗುವುದಿಲ್ಲ. 48ರಿಂದ 49ಕ್ಕೆ ಹೋಗುವ ರಿಂಗ್ ತರಿಸಿ 49ರ ಫಿಲ್ಟರ್ ಹಾಕಿದೆ. ಮೀಟರ್ ಕಣ್ಣು ಲೆನ್ಸಿನ ಸುತ್ತಿನ ಒಳಗೇ ಇರುವುದರಿಂದ ಫಿಲ್ಟರ್ ಅದನ್ನೂ ಮುಚ್ಚುತ್ತದೆ. ಹಳದಿ ಫಿಲ್ಟರ್ ಒಂದು ಸ್ಟಾಪ್ ತಿನ್ನುತ್ತದೆ, ಆ ಲೆಕ್ಕ ಕ್ಯಾಮೆರಾ ತಾನೇ ಹಾಕಿಕೊಳ್ಳುತ್ತದೆ. ನೀವು ಮತ್ತೊಂದು ಸ್ಟಾಪ್ ಸೇರಿಸಬೇಡಿ.

ಕೆಂಪು ಫಿಲ್ಟರ್‌ಗೆ ಇದು ನಡೆಯಲಿಲ್ಲ. ಈ ಸೆಲ್‌ಗೆ ಕೆಂಪು ಬೆಳಕು ಚೆನ್ನಾಗಿ ಕಾಣುತ್ತದೆ, ಫಿಲ್ಮ್‌ಗೆ ಅಷ್ಟು ಕಾಣುವುದಿಲ್ಲ. ಹಾಗಾಗಿ ಮೀಟರ್ ಹೇಳಿದಂತೆ ತೆಗೆದ ಚಿತ್ರಗಳೆಲ್ಲ ತೆಳ್ಳಗೆ ಬಂದವು. ಫಿಲ್ಟರ್ ಬಿಚ್ಚಿ ಅಳೆದು, ಮೂರು ಸ್ಟಾಪ್ ತೆರೆದು, ಆಮೇಲೆ ಫಿಲ್ಟರ್ ಹಾಕಿ ತೆಗೆದವು ಸರಿಯಾದವು. 1/125ಕ್ಕೆ ಎಫ್ 16 ಬಂದಿದ್ದರೆ ಎಫ್ 5.6.

ಖರ್ಚು

ಐಸೊಪ್ರೊಪೈಲ್ ಸಣ್ಣ ಬಾಟಲಿ 120 ರೂಪಾಯಿ. 675 ಬ್ಯಾಟರಿ ಆರರ ಪಟ್ಟಿ 240. ರಬ್ಬರ್ ರಿಂಗ್ 10. ಫಿಲ್ಟರ್ ರಿಂಗ್ 180. ವೈರ್, ಸೋಲ್ಡರ್ ಮನೆಯಲ್ಲೇ ಇತ್ತು. ದುಬಾರಿ ಫಿಲ್ಮ್ ಮಾತ್ರ, ರೋಲಿಗೆ ಸಾವಿರ ರೂಪಾಯಿ ಹತ್ತಿರ. ಅದಕ್ಕೇ ಗೋಡೆ ಪರೀಕ್ಷೆ ಮಾಡದೆ ರೋಲ್ ಹಾಕಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬಾಕಿ ಕೆಲಸ

675 ಬ್ಯಾಟರಿಯ ಸ್ಟಿಕ್ಕರ್ ಒಮ್ಮೆ ಕಿತ್ತರೆ ಬಳಸಿದರೂ ಬಳಸದಿದ್ದರೂ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ತೋಟದ ಕಡೆ ಗಾಳಿಯ ತೇವವೂ ಇದಕ್ಕೆ ಆಗಿಬರುವುದಿಲ್ಲ. ಗಾಳಿ ತೂತುಗಳಲ್ಲಿ ಒಂದು ಬಿಟ್ಟು ಉಳಿದವಕ್ಕೆ ಸೆಲ್ಲೋಟೇಪ್ ಹಚ್ಚಿ ನೋಡುತ್ತಿದ್ದೇನೆ, ಮೀಟರ್‌ಗೆ ಬೇಕಾದ ಕರೆಂಟ್ ತುಂಬ ಕಮ್ಮಿ, ಹಾಗಾಗಿ ಮುಳ್ಳು ಏನೂ ಬದಲಾಗಿಲ್ಲ. ಮುಂದಿನದು ಸಿಲ್ವರ್ ಆಕ್ಸೈಡ್ ಬ್ಯಾಟರಿ. ಅದು 1.55 ವೋಲ್ಟ್, ಸ್ಥಿರವಾಗಿ ನಿಲ್ಲುತ್ತದೆ, ಬಾಳಿಕೆಯೂ ಜಾಸ್ತಿ. ನಡುವೆ ಒಂದು ಸಣ್ಣ ಷಾಟ್ಕಿ ಡಯೋಡ್ ಬೆಸೆದರೆ 0.2 ವೋಲ್ಟ್ ಹತ್ತಿರ ಇಳಿದು 1.35ಕ್ಕೆ ಬರಬೇಕು. ಎಷ್ಟು ಇಳಿಯುತ್ತದೆ ಅನ್ನೋದು ಹರಿಯುವ ಕರೆಂಟ್ ಮೇಲೆ ಇರುವುದರಿಂದ ಬಿಸಿಲು, ನೆರಳು, ಕೋಣೆ ಮೂರರಲ್ಲೂ ಗೋಡೆ ಪರೀಕ್ಷೆ ಮತ್ತೆ ಮಾಡಬೇಕು. ಡಯೋಡ್‌ಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಬಂದ ಮೇಲೆ ಆ ಅಳತೆಗಳನ್ನು ಇಲ್ಲೇ ಹಂತ 8 ಅಂತ ಸೇರಿಸುತ್ತೇನೆ.